ಮೈ ತಂಪಿಗೆ ಮೂರು ಬಾಟ್ಲಿ

ಕುಡಿದು ಕುಡಿದು ಅಪ್ಪನ ಲಿವರ್ ಪೂರ್ತಿ ಕೆಟ್ಟಿತ್ತು. ಮನೆಯವರು ಯಾರಾದರೂ ತಮ್ಮ ಲಿವರಿನ ಒಂದು ತುಂಡು ಕೊಟ್ಟರೆ ಮಾತ್ರ ಬದುಕುತ್ತಾನೆ ಎಂದರು ಡಾಕ್ಟರಮ್ಮ. ಕೊಡಲು ಇದ್ದವನು ನಾನೊಬ್ಬನೇ. ರಕ್ತದ ಗುಂಪು ಹೊಂದಿತು. ಇಬ್ಬರಿಗೂ ಸ್ಕ್ಯಾನಿಂಗ್ ಆಯಿತು.

"ಅವ್ವನ ತಾಳಿ ಕುಡ್ದೆ. ಈಗ ಮಗನ ಹೊಟ್ಟೆನೂ ಕೊಯ್ಸಬೇಕಾ ನಿಂಗೆ?" ಎಂದೆ.

ಮಂಚದ ಮೇಲಿದ್ದ ಅಪ್ಪ ನಕ್ಕ. "ನೀನೂ ಕುಡೀತಿಯಲ್ಲೋ."

"ಅದು ಬೀರು! ದಿನವೆಲ್ಲ ಮಂಡಕ್ಕಿ ಭಟ್ಟಿ ಮುಂದೆ ಬೇಯ್ತೀನಿ, ಸಂಜೆ ಮೈ ತಂಪಿಗೆ ಮೂರು ಬಾಟ್ಲಿ. ನಿನ್ನಂಗೆ ಎಣ್ಣೆ ಹಾಕಿ ಚರಂಡೀಲಿ ಬಿದ್ದಿದೀನಾ?"

ಅಪ್ಪ ಗೋಡೆಯ ಕಡೆ ತಿರುಗಿದ.

ಡಾಕ್ಟರಮ್ಮ ನನ್ನನ್ನು ಒಳಗೆ ಕರೆದು ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. "ಈ ಬೆಳ್ಳಗಿರೋದೆಲ್ಲ ಕೊಬ್ಬು. ಆಲ್ಕೋಹಾಲ್ ಒಳಗೆ ಹೋದ್ರೆ ಲಿವರ್ ಮೊದಲು ಅದನ್ನೇ ಸುಡಬೇಕು. ಅಲ್ಲೀತನಕ ಕೊಬ್ಬು ಕರಗದೆ ಅಲ್ಲೇ ಕೂರುತ್ತೆ. ದಿನಾ ಕುಡಿದ್ರೆ ಆ ಕೆಲಸ ಮುಗಿಯೋದೇ ಇಲ್ಲ."

ನನಗೆ ಹೇಸಿಗೆಯಾಯಿತು.

"ಥೂ! ಇದು ಮನುಷ್ಯನ ಹೊಟ್ಟೆಯಾ, ತಿಪ್ಪೆಯಾ? ಇಂಥೋನು ಸತ್ರೆ ಭೂಮಿಗೆ ಭಾರ ಕಮ್ಮಿ, ಮೇಡಂ. ಏನ್ಮಾಡೋದು, ಹುಟ್ಸಿದ ತಪ್ಪಿಗೆ ಅಪ್ಪ. ನನ್ನದನ್ನ ಯಾವತ್ತು ಕೊಯ್ತೀರಿ, ಹೇಳಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ನಿಮ್ಮದೇ. ಇದನ್ನ ನಿಮ್ಮಪ್ಪನಿಗೆ ಹಾಕೋಕಾಗಲ್ಲ."