ಗೇಟಿನ ಮುಂದೆ ಮೀನು

ಸತ್ತ ಮೀನಿನ ಬುಟ್ಟಿ ಹೊತ್ತು ಅಣ್ಣ ಬಂದದ್ದು ಬಹುಮಾನ ಕೊಡುವವರು ಬರುವ ದಿನವೇ. ಹೊಳೆ ಉಳಿಸುವ ಸಂಘದ ಕಾರ್ಯದರ್ಶಿಯಾದ ತಂಗಿ ಆಗ ಕಚೇರಿಯ ಮೆಟ್ಟಿಲಿಗೆ ಹೂಕುಂಡ ಇಡಿಸುತ್ತಿದ್ದಳು. ಬಣ್ಣದ ಕಾರ್ಖಾನೆಯೂ ಸಂಘವೂ ಕೈಜೋಡಿಸಿದ್ದಕ್ಕೆ 'ಆದರ್ಶ ಸಹಭಾಗಿತ್ವ'ದ ಬಹುಮಾನ. ಕಚೇರಿ ಇದ್ದದ್ದೂ ಕಾರ್ಖಾನೆಯ ಗೇಟಿನೊಳಗೇ. ಬಾಡಿಗೆ ಇಲ್ಲ, ಮೇಲೆ ಏಸಿ ಬೇರೆ.

"ಇವತ್ತೇ ತರಬೇಕಿತ್ತಾ ಅಣ್ಣಾ?"

"ನಿನ್ನ ಕಾರ್ಯಕ್ರಮ ಮೀನಿಗೆ ಗೊತ್ತಿರ್ಲಿಲ್ಲಮ್ಮ. ಬಲೆ ಎತ್ತಿದ್ರೆ ಬರೀ ಇವೇ. ಹೊಳೆ ಮತ್ತೆ ಕೆಂಪಗಾಗಿದೆ."

ಸತ್ತ ಮೀನನ್ನು ಗೇಟಿನ ಮುಂದೆ ಸುರಿಯುವ ಪದ್ಧತಿ ಹುಟ್ಟುಹಾಕಿದವಳು ಅವಳೇ. ಅರ್ಜಿ ಬರೆದು ಬರೆದು ಸಾಕಾಗಿ, "ಅವರ ಮೂಗಿಗೂ ನಾತ ಬಡೀಲಿ" ಎಂದು ಅಣ್ಣನ ಬುಟ್ಟಿ ಕಿತ್ತುಕೊಂಡು ಸುರಿದಿದ್ದಳು. ಅವಳು "ಹೊಳೆ ಯಾರದು?" ಎಂದು ಕೂಗಿದರೆ ಅಣ್ಣ, ಅವನ ಹಿಂದೆ ಇಡೀ ಕೇರಿ, "ನಮ್ಮದು!" ಎನ್ನುತ್ತಿತ್ತು. ಆ ನಾತ ತಾಳಲಾರದೆಯೇ ಕಾರ್ಖಾನೆ ಅವಳನ್ನು ಒಳಗೆ ಕರೆದು ಕುರ್ಚಿ ಕೊಟ್ಟಿತು. ಒಳಗಿದ್ದುಕೊಂಡೇ, ಹೊಳೆಗೆ ಬಣ್ಣದ ನೀರು ಬಿಡುವ ಕೊಳವೆ ಮುಚ್ಚಿಸುತ್ತೇನೆಂದು ನಂಬಿದ್ದಳು, ಪಾಪ, ನಿಜವಾಗಿಯೂ ನಂಬಿದ್ದಳು. ಈಗ ಒಪ್ಪಂದದ ಪ್ರಕಾರ ಕಾರ್ಖಾನೆಯನ್ನು ಕೇಳದೆ ಹೊರಗೆ ತುಟಿ ಬಿಚ್ಚುವಂತಿಲ್ಲ. ಕೊಳವೆ ಮಾತ್ರ ಬಾಯಿ ತೆರೆದೇ ಇದೆ.

"ಹಿಂದಿನ ಬಾಗಿಲ ಹತ್ರ ಇಟ್ಟು ಹೋಗು. ನಾಳೆ ಮಾತಾಡ್ತೀನಿ."

"ಹೋದ ಸಲಾನೂ ನಾಳೆ ಅಂದಿದ್ದೆ."

ಅಣ್ಣ ಜಗಳಕ್ಕೆ ನಿಲ್ಲಲಿಲ್ಲ. ಗೇಟಿನಾಚೆ ಹೋಗಿ, ಎಂದಿನ ಜಾಗದಲ್ಲೇ ಬುಟ್ಟಿ ಮಗುಚಿದ. ಆಮೇಲೆ ಮುಷ್ಟಿ ಎತ್ತಿ ಅವಳ ಕಡೆಗೇ ನೋಡುತ್ತ ನಿಂತ. ಕೂಗು ಶುರು ಮಾಡುವವಳು ಯಾವಾಗಲೂ ಅವಳೇ ಅಲ್ಲವೇ? ಅವಳು ಗೇಟಿನ ಕಡೆ ಒಂದು ಹೆಜ್ಜೆ ಇಟ್ಟಳು. ಬಾಯಿ ತೆರೆದಳು ಕೂಡ.

ಅಷ್ಟರಲ್ಲಿ ಕಾರ್ಖಾನೆಯ ಮ್ಯಾನೇಜರ್ ಬೆವರು ಒರೆಸುತ್ತ ಓಡಿಬಂದ. "ಏನ್ ಮೇಡಂ ಇದು? ಅವರ ಕಾರು ತಿರುವಿಗೆ ಬಂತು!"

ಅವಳು ಕಾವಲುಗಾರನ ಕೈಯಿಂದ ಪೊರಕೆ ಕಿತ್ತುಕೊಂಡಳು. ಗೇಟು ದಾಟಿ, ತಲೆ ಎತ್ತದೆ ಗುಡಿಸತೊಡಗಿದಳು. ಮೀನುಗಳು ಅಣ್ಣನ ಪಾದದವರೆಗೂ ಹರಡಿದ್ದವು.

"ಹೊಳೆ ಯಾರದು?" ಎಂದ ಅಣ್ಣ, ಮೆಲ್ಲಗೆ, ಅವಳಿಗಷ್ಟೇ ಕೇಳುವಂತೆ.

"ಸ್ವಲ್ಪ ಕಾಲು ತೆಗಿ, ಅಣ್ಣಾ" ಎಂದಳು.