ಬಾಂಬರಿನ ಚರಿತ್ರೆ

"ಮುಂದಿನ ಹಾರಾಟ ರಂಗೂನಿಗೆ. ಬರ್ಕೊಳ್ರಿ ಮಾಸ್ತರ," ಎಂದರು ಅಂದಾನೆಪ್ಪನವರು.

ಮಹಾಯುದ್ಧ ಮುಗಿದು ಐವತ್ತು ವರ್ಷವಾಯಿತೆಂದು ಕಾಲೇಜಿನ ಶ್ರೀಶೈಲ ಮಾಸ್ತರರು ಅಂದಾನೆಪ್ಪನವರ ಲಿಬರೇಟರ್ ಬಾಂಬರ್ ವಿಮಾನದ ಚರಿತ್ರೆ ಬರೆದುಕೊಳ್ಳಲು ಬೈಲಹೊಂಗಲದ ಆ ಮನೆಗೆ ಬಂದಿದ್ದರು. ಅಂದಾನೆಪ್ಪನವರು ಅದನ್ನು ಹಾರಿಸಿದವರಲ್ಲ. ಬಂಗಾಳದ ನೆಲದ ಮೇಲೆ ನಿಂತು ಎಂಜಿನ್ ಬಿಚ್ಚಿ ಜೋಡಿಸಿದ ಫಿಟರ್. ಆದರೂ ಮಾತೆಲ್ಲ 'ನಾವು ಹಾಕಿದಿವಿ' ಎಂದೇ. ಯಾವ ದಿನ ಎಷ್ಟು ಬಾಂಬು, ಎಷ್ಟು ಗ್ಯಾಲನ್ ಪೆಟ್ರೋಲು, ಎಲ್ಲ ಬಾಯಿಪಾಠ. ಮೂವರು ಹೆಣ್ಣುಮಕ್ಕಳು ಹುಟ್ಟಿದ ದಿನ ಮಾತ್ರ ಹೆಂಡತಿ ಸಿದ್ದಲಿಂಗವ್ವನನ್ನು ಕೇಳಬೇಕು.

"ರೈಲ್ವೆ ಸ್ಟೇಶನ್ ಮ್ಯಾಲ ಹಾಕಿದಿವಿ. ಬಾಜೂಕಿನ ಅಕ್ಕಿ ಗೋದಾಮು ಮೂರು ದಿನ ಉರೀತು. ಒಂದ ಬಾಂಬೂ ಹಾದಿ ತಪ್ಪಲಿಲ್ಲ."

ಅವರ ಬಾಂಬುಗಳು ಬಲು ಶಿಸ್ತಿನವು. ಐವತ್ತು ವರ್ಷ ಹೇಳಿದರೂ ಒಂದೂ ಮನೆಯ ಮೇಲೆ ಬಿದ್ದಿರಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಸಿದ್ದಲಿಂಗವ್ವನ ಜೊತೆ ಕೌದಿ ಹೊಲಿಯುತ್ತಿದ್ದ ನೆರೆಮನೆಯ ನೂರಬಿಯ ಸೂಜಿ ನಿಂತಿತು.

"ಕಾಕಾ, ಆ ಗೋದಾಮು ಸುಟ್ಟಿದ್ದು ಯಾವ ತಾರೀಖರಿ?"

"ನಿನಗ್ಯಾಕವಾ ಯುದ್ಧದ ಉಸಾಬರಿ?" ಅಂದಾನೆಪ್ಪನವರು ನಕ್ಕರು.

"ಆಗ ನಾವು ರಂಗೂನಿನಾಗ ಇದ್ದಿವ್ರಿ. ಆ ಗೋದಾಮಿನ ಹಿಂದಿನ ಓಣ್ಯಾಗ ನಮ್ಮನಿ ಇತ್ರಿ. ನಮ್ಮಪ್ಪ ಅಲ್ಲೇ ಗಾಡಿ ಹೊಡೀತಿದ್ದ. ನಮ್ಮಮ್ಮ ಅವತ್ತ ಹೋದ್ಲು. ನನಗ ಆರು ವರ್ಷ. ಅಕ್ಕಿ ಸುಟ್ಟ ವಾಸನಿ ನೆನಪೈತಿ, ದಿನ ಗೊತ್ತಿಲ್ಲ. ಅಕಿ ಹೆಸರಲೆ ಫಾತಿಹಾ ವರ್ಷಾ ವರ್ಷಾ ಅಂದಾಜಿನ ಮ್ಯಾಲ ಓದಸ್ತೇನ್ರಿ. ಖರೇ ದಿನ ತಿಳದ್ರ ಛಲೋ ಆಗ್ತಿತ್ತು."

ಅಂದಾನೆಪ್ಪನವರು ಜಂತಿ ನೋಡಿದರು. ಯಾವ ಸ್ಕ್ರೂ ಯಾವ ದಿನ ಸಡಿಲಾಗಿತ್ತೆಂದು ಬಲ್ಲ ನೆನಪು ಒಮ್ಮೆಲೇ ಮುಪ್ಪಾಗಿಬಿಟ್ಟಿತು.

"ಹಳೇ ಮಾತವಾ. ಎಲ್ಲಾ ಎಲ್ಲಿ ನೆನಪಿರತೈತಿ?"

ಸಿದ್ದಲಿಂಗವ್ವ ತಲೆ ಎತ್ತಲಿಲ್ಲ. ಮದುವೆಯಾದಾಗಿನಿಂದ ಊಟಕ್ಕೆ ಕುಳಿತಾಗ ಅವಳು ರೊಟ್ಟಿ ಬಡಿಸಿದ್ದಳು, ಅವರು ವಿಮಾನ ಬಡಿಸಿದ್ದರು. ಇಷ್ಟು ವರ್ಷ ಹೂಂ ಅಂದದ್ದನ್ನು ಬಿಟ್ಟರೆ ಆ ಯುದ್ಧದಲ್ಲಿ ಅವಳ ಪಾಲೇನೂ ಇರಲಿಲ್ಲ.

"ನಲವತ್ನಾಕನೇ ಇಸವಿ, ನವೆಂಬರ್ ಇಪ್ಪತ್ತೆಂಟು," ಎಂದಳು. "ಮಂಗಳವಾರ. ಮುಂಜಾನಿ ಹತ್ತೂವರಿಗೆ."

ನೂರಬಿ ಅದನ್ನು ಎರಡು ಸಲ ಮೆಲ್ಲಗೆ ಹೇಳಿಕೊಂಡಳು. ಮರೆಯಬಾರದೆಂದು ಸೆರಗಿನ ತುದಿಗೆ ಗಂಟು ಹಾಕಿದಳು.

ಒಳಗೆ ಮಾಸ್ತರರು ಪೆನ್ನು ಹಿಡಿದು ಕಾಯುತ್ತಲೇ ಇದ್ದರು.

"ಅದೊಂದು ಹಾರಾಟ ಹೊಡದ ಹಾಕ್ರಿ ಮಾಸ್ತರ," ಎಂದರು ಅಂದಾನೆಪ್ಪನವರು ಕೊನೆಗೆ. "ಅವತ್ತ ವಿಮಾನ ಕೆಟ್ಟ ನಿಂತಿತ್ತು."