ಬಾಯಿ ತೆರೆದ ಅತ್ತೆ

ಬೆಳಿಗ್ಗೆ ಹೆಸರುಬೇಳೆ ಗಂಜಿ ಸೋಸುತ್ತಿದ್ದಾಗ ಭಾವ ಬಂದರು, ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ.

ಆಸ್ಪತ್ರೆಯಿಂದ ಮನೆಗೆ ಬಂದಾಗಿನಿಂದ ಅತ್ತೆ ಬಾಯಿ ಬಿಗಿದುಕೊಂಡೇ ಮಲಗಿದ್ದರು. ಹೊಟ್ಟೆಗೇನೂ ಹೋಗದಿದ್ದರೆ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ನಾನು ಎಷ್ಟು ರಮಿಸಿದರೂ ಮುಖ ತಿರುಗಿಸುತ್ತಿದ್ದರು.

"ನಿನಗೆ ತಿನ್ನಿಸೋಕೆ ಬರಲ್ಲಮ್ಮ. ನಾನಿದೀನಿ, ನೋಡು," ಎಂದು ಭಾವ ಕಟ್ಟೆಯ ಮೇಲಿದ್ದ ಬಟ್ಟಲು, ಚಮಚ ಎತ್ತಿಕೊಂಡು ಕೋಣೆಗೆ ನಡೆದರು. ಮೊಬೈಲನ್ನು ನನ್ನ ಮಗಳ ಕೈಗಿಟ್ಟರು. "ಫೋಟೊ ತೆಗಿ ಪುಟ್ಟಿ. ನೆಂಟರ ಗ್ರೂಪಿಗೆ ಹಾಕ್ಬೇಕು."

"ಅಮ್ಮಾ, ನಾನು ಬಂದಿದೀನಿ. ಆ... ಅನ್ನು."

ಅತ್ತೆ ಕಣ್ಣು ತೆರೆದರು. ಹಿರಿಯ ಮಗನ ಕೈ ಹಿಡಿದುಕೊಂಡು ಬಾಯಿಯನ್ನೂ ತೆರೆದರು. ಬಾಗಿಲಲ್ಲಿ ನಿಂತಿದ್ದ ನನ್ನ ಕಣ್ಣು ತುಂಬಿತು.

"ಬಂತಾ?" ಭಾವ ಮೊಬೈಲು ಇಸಿದುಕೊಂಡು ಫೋಟೊ ಹಿಗ್ಗಿಸಿ ನೋಡಿದರು. "ಸಾಕು, ಚೆನ್ನಾಗಿದೆ. ಬರ್ತೀನಮ್ಮ, ಮಿಕ್ಕಿದ್ದು ನೀನು ನೋಡ್ಕೋ."

ಅತ್ತೆ ಹಿಡಿದಿದ್ದ ತಮ್ಮ ಕೈಯನ್ನು ಭಾವ ಕರವಸ್ತ್ರದಿಂದ ಒರೆಸಿಕೊಂಡರು. ನನಗೆ ಹೇಸಿಗೆಯಾಯಿತು.

ಮಗಳು ಅಜ್ಜಿಯ ಕಡೆ ಬೊಟ್ಟು ಮಾಡಿದಳು.

"ದೊಡ್ಡಪ್ಪಾ, ಅಜ್ಜಿ ಇನ್ನೂ ಬಾಯಿ ತೆಕ್ಕೊಂಡೇ ಇದಾರೆ. ಬಟ್ಟಲಿಗೆ ಗಂಜಿನೇ ಯಾಕೆ ಹಾಕ್ಕೊಂಡು ಬರಲಿಲ್ಲ?"